ಕಿವಿಯ ಮೇಲ್ಭಾಗ ಚುಚ್ಚಿಸುವುದು, ಆಮೇಲೆ ಒಂದು ವರ್ಷ ಕಾಯುವುದು

ನಮ್ಮ ಅಜ್ಜಿಯ ಎರಡೂ ಕಿವಿಯ ಮೇಲಂಚಿನಲ್ಲಿ ಬುಗುಡಿಯ ತೂತು ಇದ್ದವು. ಗದಗ ಕಡೆಯ ಹಳ್ಳಿ, ಮದುವೆಗೆ ಮೊದಲೇ ಪತ್ತಾರರು, ಅಂದರೆ ಅಕ್ಕಸಾಲಿಗರು, ಮನೆಗೆ ಬಂದು ಬಂಗಾರದ ತಂತಿಯಿಂದ ಚುಚ್ಚಿದ್ದರಂತೆ. ಹೀಗಾಗಿ ನಾನು ಹುಬ್ಬಳ್ಳಿಯಲ್ಲಿ ಕಾಲೇಜು ಓದುವಾಗ ಕಿವಿಯ ಮೇಲೊಂದು ಸಣ್ಣ ಸ್ಟಡ್ ಹಾಕಿಸಿಕೊಳ್ತೀನಿ ಅಂದರೆ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಅಜ್ಜಿ ಮಾತ್ರ ಒಂದು ಮಾತು ಅಂದಳು: “ಕೆಳಗಿನ ಕಿವಿ ತಿಂಗಳೊಪ್ಪತ್ತಿನಾಗ ಮಾಯತೈತಿ, ಮ್ಯಾಲಿನ ಕಿವಿಗೆ ವರ್ಷ ಬೇಕವಾ.”

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಳ್ಳಲಿಲ್ಲ. ಒಂದು ಅಂಗಡಿಗೆ ಹೋಗಿ ಕಿವಿ ಚುಚ್ಚುವ ಗನ್‌ನಿಂದ ಚುಚ್ಚಿಸಿಕೊಂಡೆ. ಎರಡೇ ನಿಮಿಷದ ಕೆಲಸ. ಐದನೇ ದಿನಕ್ಕೆ ಕಿವಿ ಬಾತು ಸ್ಟಡ್ಡಿನ ಹಿಂದಿನ ತಿರುಪು ಚರ್ಮದೊಳಗೆ ಹೂತುಹೋಯಿತು, ಕೊನೆಗೆ ಕಿವಿ ಡಾಕ್ಟರೇ ತೆಗೆಯಬೇಕಾಯಿತು. ಇಂಜೆಕ್ಷನ್, ಗುಳಿಗೆ, ಹತ್ತು ದಿನ ನಿದ್ದೆ ಇಲ್ಲ. ತೂತು ಮುಚ್ಚಿಹೋಯಿತು, ಗುರುತು ಈಗಲೂ ಇದೆ. ಮೂರು ವರ್ಷ ಬಿಟ್ಟು ಇನ್ನೊಂದು ಕಿವಿಗೆ ಸೂಜಿಯಿಂದ ಚುಚ್ಚಿಸಿಕೊಂಡೆ. ಅದು ಚೆಂದಾಗಿ ಮಾಯಿತು, ಹದಿಮೂರು ತಿಂಗಳು ಹಿಡಿಯಿತು. ಈಗ ಕಾಕಾನ ಮಗಳು, ಆಫೀಸಿನ ಗೆಳತಿಯರು ಎಲ್ಲರೂ ಇದನ್ನೇ ಕೇಳುತ್ತಿರುತ್ತಾರೆ. ಅವರಿಗೆ ಬಾಯಲ್ಲಿ ಹೇಳುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೇಲಿನ ಕಿವಿ ಯಾಕೆ ಬೇರೆ

ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಮೆತ್ತಗಿದೆ, ಅಲ್ವಾ? ಹಾಗೇ ಬೆರಳನ್ನು ಅಂಚಿನಗುಂಟ ಮೇಲಕ್ಕೆ ಜಾರಿಸುತ್ತಾ ಹೋಗಿ. ಒಂದು ಕಡೆ ಗಟ್ಟಿ ಸಿಗುತ್ತದೆ, ಮಡಚಿದರೆ ಮಡಚುತ್ತದೆ, ಬಿಟ್ಟರೆ ತಟ್ಟನೆ ಮೊದಲಿನಂತಾಗುತ್ತದೆ. ಅದೇ ಕಾರ್ಟಿಲೇಜ್, ಶಾಲೆಯ ಪುಸ್ತಕದಲ್ಲಿ ಮೃದ್ವಸ್ಥಿ ಅಂತ ಓದಿರುತ್ತೀರಿ. ಇದಕ್ಕೆ ತನ್ನದೇ ರಕ್ತನಾಳ ಇಲ್ಲ. ಮೇಲೆ ಅಂಟಿಕೊಂಡಿರುವ ತೆಳ್ಳಗಿನ ಪೊರೆಯಿಂದ ಅದಕ್ಕೆ ಬೇಕಾದ ಪೋಷಣೆ ಒಳಗೆ ಇಳಿಯಬೇಕು. ಗಾಯ ಮಾಯಬೇಕಾದರೆ ರಕ್ತ ಬರಬೇಕು, ನಂಜಿನ ಜೊತೆ ಹೋರಾಡಬೇಕಾದರೂ ರಕ್ತವೇ ಬರಬೇಕು. ಇಲ್ಲಿ ರಕ್ತವೇ ಕಡಿಮೆ. ಅದಕ್ಕೇ ಹಾಲೆ 6ರಿಂದ 8 ವಾರದಲ್ಲಿ ಮಾಯುತ್ತದೆ, ಮೇಲಿನ ಕಿವಿಗೆ 6 ತಿಂಗಳಿಂದ 1 ವರ್ಷ ಬೇಕು, ಕೆಲವರಿಗೆ ಇನ್ನೂ ಜಾಸ್ತಿ.

ಗರಡಿಮನೆಯ ಹಳೇ ಪೈಲ್ವಾನರ ಕಿವಿ ನೋಡಿದ್ದೀರಾ? ನಮ್ಮ ಕಡೆ ನೋಡದವರು ಕಡಿಮೆ. ಮುದುಡಿ, ಗಂಟುಗಂಟಾಗಿ ಹೂಕೋಸಿನ ಹಾಗೆ ಇರುತ್ತದೆ. ಪೆಟ್ಟು ಬಿದ್ದು ಪೊರೆ ಮತ್ತು ಕಾರ್ಟಿಲೇಜಿನ ನಡುವೆ ರಕ್ತ ನಿಂತಾಗ ಒಳಗಿನ ಕಾರ್ಟಿಲೇಜ್‌ಗೆ ಪೋಷಣೆ ತಪ್ಪಿ ಹಾಗಾಗುತ್ತದೆ. ಚುಚ್ಚಿಸಿದ ಕಿವಿಯಲ್ಲಿ ಕೀವು ತುಂಬಿದರೂ ಆಗುವುದು ಅದೇ. ಹೆದರಿಸಲಿಕ್ಕೆ ಹೇಳುತ್ತಿಲ್ಲ. ಮುಂದೆ ನಾನು ಹೇಳುವ ಸಣ್ಣ ಸಣ್ಣ ಜಾಗ್ರತೆಗಳೆಲ್ಲ ಈ ಒಂದು ಕಾರಣಕ್ಕೇ ಅಂತ ನೆನಪಿರಲಿ.

ಯಾವಾಗ ಬೇಡ

ಧಾರವಾಡದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತಿರುವ ಹುಡುಗಿಯರಿಗೆ ಮೊದಲು ಹೇಳಬೇಕು. ನೀಟ್‌ಗೆ ಕಿವಿಯಲ್ಲಿ ಏನೂ ಹಾಕಿಕೊಂಡು ಹೋಗುವಂತಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಕೂಡ 2023ರಲ್ಲಿ ಮಂಗಳಸೂತ್ರ, ಕಾಲುಂಗುರ ಬಿಟ್ಟು ಬೇರೆ ಆಭರಣ ಬೇಡ ಅಂತ ನಿಯಮ ಮಾಡಿತ್ತು. ಚುಚ್ಚಿಸಿ ಮೂರು ತಿಂಗಳಿಗೆ ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ನಿಂತು ಸ್ಟಡ್ ಕೀಳಬೇಕಾಗಿ ಬಂದರೆ ಗಾಯಕ್ಕೆ ಪೆಟ್ಟು, ಸಂಜೆ ವಾಪಸ್ ಹಾಕಲು ಹೋದರೆ ತೂತು ಬಿಗಿದಿರುತ್ತದೆ. ಮುಂದಿನ ಒಂದು ವರ್ಷದಲ್ಲಿ ಅಂಥ ಪರೀಕ್ಷೆ ಇದ್ದರೆ ಪರೀಕ್ಷೆ ಮುಗಿದ ವಾರವೇ ಚುಚ್ಚಿಸಿ.

ಮದುವೆಗೆ ಬುಗುಡಿ ಹಾಕಬೇಕು ಅಂತ ಎರಡು ತಿಂಗಳ ಮೊದಲು ಓಡಿ ಬರುವವರೂ ಇದ್ದಾರೆ. ಎರಡು ತಿಂಗಳಲ್ಲಿ ಅದು ಆಗದ ಮಾತು. ಒತ್ತಿ ಹಾಕುವ ಬುಗುಡಿ ಸಿಗುತ್ತದೆ, ತೂತೇ ಬೇಡ, ಫೋಟೋದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದನ್ನೇ ಹಾಕಿ. ಹುಬ್ಬಳ್ಳಿಯ ರಂಗಪಂಚಮಿಗೆ ಒಂದೆರಡು ತಿಂಗಳು ಇರುವಾಗಲೂ ಬೇಡ. ಬಣ್ಣದ ನೀರು ಹಸಿ ಗಾಯಕ್ಕೆ ಹೋಗಬಾರದು, ಮತ್ತೆ ಅವತ್ತು ಯಾರು ಎಲ್ಲಿಂದ ಬಂದು ಕೆನ್ನೆಗೆ ಹಚ್ಚುತ್ತಾರೋ ಹೇಳಲಿಕ್ಕಾಗುವುದಿಲ್ಲ.

ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗಿಸುವ ಗುಳಿಗೆ ತಗೊಳ್ಳುತ್ತಿದ್ದರೆ, ಬಸುರಿ ಇದ್ದರೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಹಿಂದೆ ಯಾವುದೋ ಗಾಯದ ಮೇಲೆ ಚರ್ಮ ಉಬ್ಬಿ ಗಾಯಕ್ಕಿಂತ ದೊಡ್ಡದಾಗಿ ಬೆಳೆದಿದ್ದರೆ, ಅಂದರೆ ಕೀಲಾಯ್ಡ್ ಆಗುವ ಮೈ ಇದ್ದರೆ, ಚುಚ್ಚಿಸಲೇಬೇಡಿ ಅನ್ನುತ್ತೇನೆ. ತಾಯಿಗೋ ಅಣ್ಣನಿಗೋ ಹಾಗೆ ಆಗಿದ್ದರೂ ಚರ್ಮದ ಡಾಕ್ಟರ್ ಹತ್ತಿರ ಒಮ್ಮೆ ಮಾತಾಡಿ. ಧನುರ್ವಾತದ ಇಂಜೆಕ್ಷನ್ ತಗೊಂಡು ಹತ್ತು ವರ್ಷದ ಮೇಲಾಗಿದ್ದರೆ ಒಂದು ಹಾಕಿಸಿಕೊಂಡೇ ಹೋಗಿ.

ಯಾರ ಹತ್ತಿರ ಚುಚ್ಚಿಸುವುದು

ಗನ್ ಬೇಡ. ಇದನ್ನು ಎಷ್ಟು ಸಾರಿ ಹೇಳಿದರೂ ನನಗೆ ಸಾಕಾಗುವುದಿಲ್ಲ. ಗನ್‌ನಲ್ಲಿ ಸೂಜಿ ಇರುವುದಿಲ್ಲ, ಸ್ಟಡ್ಡನ್ನೇ ಸ್ಪ್ರಿಂಗಿನ ಜೋರಿನಿಂದ ಕಿವಿಗೆ ಹೊಡೆಯುತ್ತದೆ. ಸ್ಟಡ್ಡಿನ ತುದಿ ಸೂಜಿಯಷ್ಟು ಚೂಪಲ್ಲ. ಮೆತ್ತಗಿನ ಹಾಲೆ ಹೇಗೋ ತಡೆದುಕೊಳ್ಳುತ್ತದೆ, ಗಟ್ಟಿ ಕಾರ್ಟಿಲೇಜ್ ಜಜ್ಜಿಹೋಗುತ್ತದೆ, ಒಮ್ಮೊಮ್ಮೆ ಸೀಳಲೂಬಹುದು. ಅದರ ಕಡ್ಡಿಯೂ ಗಿಡ್ಡ. ಬಾವು ಬಂದಾಗ ಕಿವಿ ಹಿಗ್ಗಲಿಕ್ಕೆ ಜಾಗವೇ ಇರುವುದಿಲ್ಲ, ತಿರುಪು ಒಳಗೆ ಹೂಳುತ್ತದೆ. ನನಗೆ ಆಗಿದ್ದು ಅದೇ. ಜೊತೆಗೆ ಗನ್ನಿನ ಮೈ ಪ್ಲಾಸ್ಟಿಕ್, ಕುದಿಯುವ ಹಬೆಯಲ್ಲಿ ಇಡಲಿಕ್ಕಾಗುವುದಿಲ್ಲ. ಹಿಂದಿನ ಗಿರಾಕಿಯ ರಕ್ತದ ಕಣ ಅದರಲ್ಲಿ ಉಳಿದಿದ್ದರೆ ಸ್ಪಿರಿಟ್ ಹಚ್ಚಿ ಒರೆಸಿದರೆ ಸಾಲದು.

2000ದಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ಒಂದೇ ಕಡೆ ಕಿವಿ ಚುಚ್ಚಿಸಿಕೊಂಡವರಲ್ಲಿ 7 ಜನರಿಗೆ ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾದ ಸೋಂಕು ಖಚಿತವಾಯಿತು, ಎಲ್ಲವೂ ಮೇಲಿನ ಕಿವಿಯವು. ಹುಡುಕುತ್ತಾ ಹೋದರೆ, ಗಾಯ ಸ್ವಚ್ಛ ಮಾಡಲು ಸಿಂಪಡಿಸುತ್ತಿದ್ದ ಔಷಧದ ಬಾಟಲಿಯಲ್ಲೇ ಆ ಬ್ಯಾಕ್ಟೀರಿಯಾ ಇತ್ತು. ಮತ್ತೆ ಮತ್ತೆ ತುಂಬಿಸಿ ಬಳಸುವ ಬಾಟಲಿ ನೋಡಿದರೆ ನನಗೆ ಈಗಲೂ ಮನಸ್ಸು ಹಿಂಜರಿಯುತ್ತದೆ. ಈ ಬ್ಯಾಕ್ಟೀರಿಯಾಗೆ ನೀರು, ತೇವ ಅಂದರೆ ಬಲು ಇಷ್ಟ. ಇದರ ಮಾತು ಮುಂದೆ ಮತ್ತೆ ಬರುತ್ತದೆ.

ಹಾಗಾದರೆ ಪತ್ತಾರರು? ನಮ್ಮ ಕಡೆ ತಲೆಮಾರಿನಿಂದ ಕಿವಿ ಚುಚ್ಚಿದವರು ಅವರೇ. ಅವರ ಕೈ ಎಷ್ಟು ಸ್ಥಿರ ಅಂದರೆ ಕೂಸು ಅಳು ಶುರು ಮಾಡುವುದರೊಳಗೆ ಕೆಲಸ ಮುಗಿದಿರುತ್ತದೆ. ಮಕ್ಕಳ ಹಾಲೆಗೆ ನನ್ನ ತಕರಾರಿಲ್ಲ, ತಂತಿ ಹೊಸದಿದ್ದು ಸರಿಯಾಗಿ ಶುದ್ಧ ಮಾಡಿದ್ದರೆ ಸಾಕು. ಮೇಲಿನ ಕಿವಿಗೆ ಮಾತ್ರ ಒಮ್ಮೆ ಬಳಸಿ ಬಿಸಾಡುವ ಟೊಳ್ಳು ಸೂಜಿಯೇ ಬೇಕು. ಆ ಸೂಜಿ ಕಾರ್ಟಿಲೇಜನ್ನು ಪಕ್ಕಕ್ಕೆ ತಳ್ಳಿ ಜಜ್ಜುವುದಿಲ್ಲ, ಚೊಕ್ಕವಾಗಿ ಕೊಯ್ದು ದಾರಿ ಮಾಡುತ್ತದೆ. ದೀಪದ ಉರಿಗೆ ಹಿಡಿದ ತಂತಿ, ಡೆಟಾಲ್‌ನಲ್ಲಿ ಅದ್ದಿದ ಸೂಜಿ, ಇವು ಕ್ರಿಮಿಮುಕ್ತ ಆದಂತಲ್ಲ.

ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಸೂಜಿಯಿಂದ ಚುಚ್ಚುವ ಟ್ಯಾಟೂ ಸ್ಟುಡಿಯೋದವರಿದ್ದಾರೆ, ಕೆಲವು ಚರ್ಮದ ಡಾಕ್ಟರೂ ಕಿವಿ ಡಾಕ್ಟರೂ ಚುಚ್ಚಿಕೊಡುತ್ತಾರೆ. ಯಾರೇ ಆಗಲಿ, ಚುಚ್ಚಿಸುವ ಹಿಂದಿನ ದಿನ ಸುಮ್ನೆ ಹೋಗಿ ಮಾತಾಡಿಸಿ ಬನ್ನಿ. ಸೂಜಿಯ ಪಾಕೀಟು ನಮ್ಮ ಮುಂದೆಯೇ ಒಡೆಯುತ್ತೀರಾ? ಆಟೋಕ್ಲೇವ್ ಇದೆಯಾ? ಅದು ಪ್ರೆಶರ್ ಕುಕ್ಕರಿನ ಹಾಗೇ ಕೆಲಸ ಮಾಡುವ ಯಂತ್ರ, 121 ಡಿಗ್ರಿ ಹಬೆಯಲ್ಲಿ ಸಾಮಾನು ಬೇಯಿಸುತ್ತದೆ. ಅದರಿಂದ ತೆಗೆದ ಕಾಗದದ ಪೌಚಿನ ಮೇಲೆ ಒಂದು ಗುರುತಿರುತ್ತದೆ, ಹಬೆ ತಾಗಿದರೆ ಬಣ್ಣ ಬದಲಾಗುತ್ತದೆ, ತೋರಿಸಿ ಅನ್ನಿ. ಸ್ಟಡ್ ಯಾವ ಲೋಹದ್ದು? ಬಾವು ಇಳಿದ ಮೇಲೆ ಗಿಡ್ಡ ಕಡ್ಡಿ ಹಾಕಿಕೊಡುತ್ತೀರಾ? ಒಳ್ಳೆಯವರು ಇಷ್ಟು ಕೇಳಿದರೆ ಖುಷಿಯಿಂದ ತೋರಿಸುತ್ತಾರೆ. ಮುಖ ಗಂಟಿಕ್ಕಿದರೆ ಎದ್ದು ಬನ್ನಿ.

ಮೊದಲ ಸ್ಟಡ್

ನಮ್ಮ ಮನೆಗಳಲ್ಲಿ ಮೊದಲ ಮಾತೇ ಬಂಗಾರದ್ದೇ ಹಾಕಿಸು ಅನ್ನುವುದು. 22 ಕ್ಯಾರೆಟ್ ಬಂಗಾರ ಮೆತ್ತಗೆ. ಸಣ್ಣ ಗೀರು ಬೀಳುತ್ತವೆ, ಆ ಗೀರು ಹಸಿ ಗಾಯವನ್ನು ಕೆರೆಯುತ್ತವೆ. ಹಾಕಲೇಬೇಕು ಅಂದರೆ ನಿಕ್ಕಲ್ ಇಲ್ಲದ 14 ಅಥವಾ 18 ಕ್ಯಾರೆಟ್. ಬೆಳ್ಳಿ ಬೇಡವೇ ಬೇಡ, ಗಾಯದೊಳಗೆ ಕಪ್ಪಾಗಿ ಚರ್ಮಕ್ಕೆ ಕಲೆ ಬಿಡುತ್ತದೆ. ನನ್ನ ಆಯ್ಕೆ ಟೈಟಾನಿಯಂ. ಮೈಯೊಳಗೆ ಹಾಕುವ ದರ್ಜೆಯದು, ಎಎಸ್‌ಟಿಎಂ ಎಫ್136 ಅಂತ ಗುರುತಿರುತ್ತದೆ. ಹಗುರ, ನಿಕ್ಕಲ್ ತೊಂದರೆ ಇಲ್ಲ. ಕೈಗಡಿಯಾರದ ಪಟ್ಟಿಗೋ ಪ್ಯಾಂಟಿನ ಗುಂಡಿಗೋ ನಿಮ್ಮ ಚರ್ಮ ತುರಿಸುತ್ತಿದ್ದರೆ ನಿಮಗೆ ನಿಕ್ಕಲ್ ಆಗಿಬರುವುದಿಲ್ಲ ಅಂತಲೇ ತಿಳಿದು ಟೈಟಾನಿಯಂ ಬಿಟ್ಟು ಬೇರೆ ನೋಡಬೇಡಿ.

ಆಕಾರ ಹೇಳುವುದಾದರೆ, ಹಿಂದೆ ಚಪ್ಪಟೆ ಬಿಲ್ಲೆ ಇರುವ ಲ್ಯಾಬ್ರೆಟ್ ಸ್ಟಡ್. ಕಡ್ಡಿಯ ದಪ್ಪ 1.2 ಮಿ.ಮೀ. ಇರಲಿ, 1 ಮಿ.ಮೀ. ಕೂಡ ನಡೆಯುತ್ತದೆ. ಉದ್ದ ಸುಮಾರು 8 ಮಿ.ಮೀ. ಹಾಕಿದ ದಿನ ಹಿಂದೆ ಸಡಿಲ ಅನ್ನಿಸುತ್ತದೆ. ಅನ್ನಿಸಲಿ, ಅದು ಕಿವಿ ಬಾತಾಗ ಬೇಕಾಗುತ್ತದೆ ಅಂತ ಬಿಟ್ಟ ಜಾಗ. ರಿಂಗ್ ಎಷ್ಟೇ ಚೆಂದ ಕಂಡರೂ ಮೊದಲಿಗೇ ಹಾಕಿಸಬೇಡಿ. ರಿಂಗ್ ತಿರುಗುತ್ತಲೇ ಇರುತ್ತದೆ, ತಿರುಗಿದಾಗಲೆಲ್ಲ ಗಾಯ ಹರಿಯುತ್ತದೆ.

ಚುಚ್ಚಿಸುವ ದಿನ

ಹಿಂದಿನ ದಿನವೇ ತಲೆಸ್ನಾನ ಮಾಡಿಬಿಡಿ. ಹೊಟ್ಟೆ ತುಂಬ ಉಂಡು ಹೋಗಿ, ಹಸಿದು ಹೋದವರಿಗೇ ಕಣ್ಣು ಕತ್ತಲೆ ಬರುವುದು. ಕೂದಲು ಎತ್ತಿ ಕಟ್ಟಿ. ಯಾವ ಮಗ್ಗುಲಿಗೆ ಮಲಗುತ್ತೀರೋ ಆ ಕಿವಿ ಬಿಟ್ಟು ಇನ್ನೊಂದನ್ನು ಆರಿಸಿ. ಎರಡೂ ಕಿವಿ ಒಂದೇ ದಿನ ಚುಚ್ಚಿಸಿದರೆ ಆರು ತಿಂಗಳು ಅಂಗಾತ ಮಲಗಬೇಕಾಗುತ್ತದೆ. ಪೆನ್ನಿನಿಂದ ಗುರುತು ಹಾಕಿದ ಮೇಲೆ ಎದ್ದು ನಿಂತು ಕನ್ನಡಿ ನೋಡಿ, ಚಷ್ಮಾ ಇದ್ದರೆ ಹಾಕಿಕೊಂಡೇ ನೋಡಿ, ಅದರ ಕಡ್ಡಿ ಗುರುತಿಗೆ ತಾಗಬಾರದು. ಸರಿ ಅನ್ನಿಸುವವರೆಗೆ ಎರಡು ಸಾರಿ ಅಳಿಸಿ ಹಾಕಿಸಿದರೂ ತಪ್ಪಿಲ್ಲ.

ನೋವು? ಸೂಜಿ ಹೋಗುವಾಗ ಒಂದು ಚುರುಕು, ಒಳಗೆಲ್ಲೋ ಸಣ್ಣಗೆ ‘ಕಟ್’ ಅಂದ ಸದ್ದು ಕಿವಿಗೇ ಕೇಳುತ್ತದೆ. ಆಮೇಲೆ ಇಡೀ ಕಿವಿ ಒಲೆಯ ಮುಂದೆ ಕೂತಂತೆ ಬಿಸಿ. ರಾತ್ರಿಯ ಹೊತ್ತಿಗೆ ಇಳಿಯುತ್ತದೆ. ಸ್ವಲ್ಪ ರಕ್ತ ಒಸರುವುದು ಸಹಜ.

ತೊಳೆಯುವುದು, ಮತ್ತು ನಮ್ಮ ನೀರು

ಮೊದಲ ಕೆಲವು ವಾರ ಗಾಯದಿಂದ ತಿಳಿ ಹಳದಿ ನೀರು ಬರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಕಡ್ಡಿಯ ಸುತ್ತ ಸಕ್ಕರೆ ಪಾಕ ಒಣಗಿದಂತೆ ಹಕ್ಕಳೆ ಕಟ್ಟಿರುತ್ತದೆ. ಇದು ಕೀವಲ್ಲ. ಕೀವು ದಪ್ಪಗೆ, ಹಸಿರು ಹಳದಿ ಇರುತ್ತದೆ, ವಾಸನೆ ಬರುತ್ತದೆ. ಹಕ್ಕಳೆಯನ್ನು ಉಗುರಿನಿಂದ ಕೀಳಬೇಡಿ, ಅದರ ಜೊತೆ ಹೊಸ ಚರ್ಮವೂ ಕಿತ್ತು ಬರುತ್ತದೆ.

ಬೇಕಾದದ್ದು ಒಂದೇ, ಮೆಡಿಕಲ್ ಅಂಗಡಿಯಲ್ಲಿ ಸಿಗುವ ನಾರ್ಮಲ್ ಸಲೈನ್, 0.9%. ದಿನಕ್ಕೆ ಎರಡು ಸಾರಿ. ಕೈಯನ್ನು ಸಾಬೂನಿನಿಂದ ತೊಳೆದು ಒಣಗಿಸಿ. ಪಾಕೀಟಿನ ಗಾಜ್ ಬಟ್ಟೆ ತೋಯಿಸಿ ಮುಂದೊಂದು ಹಿಂದೊಂದು ಇಟ್ಟು ಎರಡು ಮೂರು ನಿಮಿಷ ಹಾಗೇ ಹಿಡಿದುಕೊಳ್ಳಿ. ಹಕ್ಕಳೆ ಮೆತ್ತಗಾಗಿ ತಾನೇ ಬಟ್ಟೆಗೆ ಬರುತ್ತದೆ, ಬರದಿದ್ದರೆ ಸಂಜೆಗೆ ಬಿಡಿ. ಆಮೇಲೆ ಒಣ ಗಾಜ್‌ನಿಂದ ಒತ್ತಿ ತೇವ ತೆಗೆಯಿರಿ. ಹತ್ತಿ ಬೇಡ, ಅದರ ಎಳೆ ಕಡ್ಡಿಗೆ ಸುತ್ತಿಕೊಳ್ಳುತ್ತದೆ. ಸ್ಟಡ್ಡನ್ನು ತಿರುಗಿಸಬೇಡಿ. ತಿರುಗಿಸದಿದ್ದರೆ ಅಂಟಿಕೊಳ್ಳುತ್ತದೆ ಅಂತ ಹೇಳುವವರು ಊರ ತುಂಬ ಸಿಗುತ್ತಾರೆ. ಅದು ಅಂಟಿಕೊಳ್ಳುವುದಿಲ್ಲ, ತಿರುಗಿಸಿದರೆ ಒಳಗೆ ಆಗತಾನೇ ಕೂಡಿಕೊಂಡ ಚರ್ಮ ಹರಿಯುತ್ತದೆ ಅಷ್ಟೇ. ಸಲೈನ್ ಬಾಟಲಿ ಒಡೆದ ಮೇಲೆ ವಾರಗಟ್ಟಲೆ ಇಡಬೇಡಿ, ಚಿಕ್ಕ ಬಾಟಲಿಯನ್ನೇ ತನ್ನಿ. ಮನೆಯಲ್ಲೇ ಉಪ್ಪು ನೀರು ಕಲಸಿದರೆ ಉಪ್ಪು ಜಾಸ್ತಿ ಆಗುವುದೇ ಹೆಚ್ಚು, ಜಾಸ್ತಿ ಉಪ್ಪು ಗಾಯವನ್ನು ಒಣಗಿಸಿ ಸುಡುತ್ತದೆ.

ಈಗ ನೀರಿನ ಮಾತು. ನಮ್ಮ ಅವಳಿ ನಗರದ ಎಷ್ಟೋ ಓಣಿಗಳಲ್ಲಿ ನಳ ಬರುವುದು ವಾರಕ್ಕೊಮ್ಮೆ. ಗದಗಿನವರ ಪಾಡೂ ಗೊತ್ತಲ್ಲ. ಮಲಪ್ರಭೆಯ ನೀರು ಬಂದ ದಿನ ಬ್ಯಾರಲ್, ಕೊಡ, ಸಿಂಟೆಕ್ಸ್ ಎಲ್ಲ ತುಂಬಿಸಿ ಮುಂದಿನ ಸರದಿಯವರೆಗೆ ಅದನ್ನೇ ಬಳಸುತ್ತೇವೆ. ಐದಾರು ದಿನ ಬ್ಯಾರಲಿನಲ್ಲಿ ನಿಂತ ನೀರು, ಅದರ ಒಳಗೋಡೆಗೆ ಕೈ ಹಚ್ಚಿದರೆ ಜಾರುವ ಲೋಳೆ. ಆಗಲೇ ಹೇಳಿದ ಸ್ಯೂಡೊಮೊನಾಸ್‌ಗೆ ಇದಕ್ಕಿಂತ ಒಳ್ಳೆಯ ಮನೆ ಬೇಕಾ? ಸ್ನಾನಕ್ಕೆ ಅದೇ ನೀರು, ಬೇರೆ ದಾರಿ ಇಲ್ಲ. ಆದರೆ ಗಾಯಕ್ಕೆ ಅದನ್ನು ಹಾಕಬೇಡಿ. ತಲೆಸ್ನಾನ ಮಾಡುವಾಗ ತಲೆಯನ್ನು ಇನ್ನೊಂದು ಮಗ್ಗುಲಿಗೆ ವಾಲಿಸಿ ನೀರು ಹಾಕಿ, ಶಾಂಪೂ ಕಿವಿಯ ಮೇಲೆ ಹರಿಯದಂತೆ. ಒಬ್ಬರು ನೀರು ಹಾಕಿಕೊಡುವವರಿದ್ದರೆ ಇನ್ನೂ ಸುಲಭ, ನನಗೆ ಅವ್ವ ಎರಡು ತಿಂಗಳು ಹಾಕಿಕೊಟ್ಟಳು. ಸ್ನಾನ ಮುಗಿದ ಮೇಲೆ ಕುದಿಸಿ ಆರಿಸಿದ ನೀರನ್ನು ಒಂದು ಲೋಟ ಕಿವಿಯ ಮೇಲೆ ಸುರಿದು, ಸಲೈನ್ ಹಾಕಿ, ಒಣಗಿಸಿ. ಕೆರೆ, ಬಾವಿ, ಹೊಳೆ, ಈಜುಕೊಳ ಎಲ್ಲ ಕನಿಷ್ಠ ಮೂರು ತಿಂಗಳು ದೂರ. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಕೂದಲು ಗಂಟೆಗಟ್ಟಲೆ ಹಸಿಯೇ ಇರುತ್ತದೆ. ಹಸಿ ಕೂದಲು ಕಿವಿಯ ಹಿಂದೆ ಬಿಟ್ಟುಕೊಂಡು ಕೂರಬೇಡಿ.

ಅರಿಶಿಣ, ಕೊಬ್ಬರಿ ಎಣ್ಣೆ, ಬೇವಿನ ಕಡ್ಡಿ. ಮನೆಗೆ ಬಂದ ಹಿರಿಯರೆಲ್ಲ ಇವನ್ನೇ ಹೇಳುತ್ತಾರೆ, ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಎಣ್ಣೆ ತೂತಿನ ಬಾಯಿ ಮುಚ್ಚುತ್ತದೆ, ಒಳಗಿನ ನೀರು ಹೊರಗೆ ಬರುವುದಿಲ್ಲ, ಮೇಲೆ ಹುಬ್ಬಳ್ಳಿಯ ಧೂಳು ಬಂದು ಅಂಟುತ್ತದೆ. ಅಡಿಗೆಮನೆಯ ಅರಿಶಿಣ ಕ್ರಿಮಿಮುಕ್ತ ಅಲ್ಲ. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಇವು ಹೊಸ ಚರ್ಮವನ್ನೂ ಸುಡುತ್ತವೆ. ಮುಲಾಮು ಕೂಡ ಡಾಕ್ಟರ್ ಹೇಳಿದರೆ ಮಾತ್ರ.

ಸಿಂಬಿ, ಹೆಲ್ಮೆಟ್, ಬಾಚಣಿಗೆ

ಗಾಯ ಕೆಡುವುದು ಹೆಚ್ಚಾಗಿ ನಿದ್ದೆಯಲ್ಲಿ. ಗೊತ್ತಿಲ್ಲದೆ ಆ ಮಗ್ಗುಲಿಗೆ ಹೊರಳುತ್ತೀರಿ, ರಾತ್ರಿಯಿಡೀ ತಲೆಯ ಭಾರ ಸ್ಟಡ್ಡಿನ ಮೇಲೆ. ತೂತೇ ಓರೆಯಾಗಿ ಮಾಯುತ್ತದೆ. ನಡುವೆ ರಂಧ್ರ ಇರುವ ದಿಂಬು ಆನ್‌ಲೈನ್‌ನಲ್ಲಿ ಸಿಗುತ್ತದೆ. ನಾನು ಮಾಡಿದ್ದು ಸಿಂಬಿ. ಕೊಡ ಹೊರುವಾಗ ತಲೆಯ ಮೇಲೆ ಇಡುತ್ತಾರಲ್ಲ, ಅದೇ. ಅಜ್ಜಿಯ ಹಳೇ ಇಳಕಲ್ ಸೀರೆಯನ್ನು ಹಗ್ಗದಂತೆ ಹೊಸೆದು, ನಡುವೆ ಅಂಗೈ ಹಿಡಿಯುವಷ್ಟು ಜಾಗ ಬಿಟ್ಟು ಸುತ್ತಿ, ತುದಿ ಒಳಗೆ ಸಿಗಿಸಿ, ನಾಲ್ಕು ಕಡೆ ದಾರದಿಂದ ಹೊಲಿದುಬಿಟ್ಟೆ. ದಿಂಬಿನ ಮೇಲೆ ಅದನ್ನಿಟ್ಟು ಕಿವಿ ನಡುವಿನ ಕುಳಿಯಲ್ಲಿ ಬರುವ ಹಾಗೆ ಮಲಗಿದರೆ ಕಿವಿಗೆ ಏನೂ ತಾಗುವುದಿಲ್ಲ. ಅದರ ಮೇಲೆ ಒಗೆದ ಹಳೇ ಟೀ ಶರ್ಟ್ ಹಾಸಿ, ಎರಡು ದಿನಕ್ಕೊಮ್ಮೆ ಬದಲಿಸಿ.

ಸ್ಕೂಟಿ ಓಡಿಸುವವರಿಗೆ ಹೆಲ್ಮೆಟ್ ದೊಡ್ಡ ತೊಂದರೆ. ಹಾಕುವಾಗ ಕಿವಿ ಮಡಚುತ್ತದೆ, ತೆಗೆಯುವಾಗ ಸ್ಟಡ್ ಸಿಕ್ಕಿಕೊಳ್ಳುತ್ತದೆ. ಹಾಗಂತ ಹೆಲ್ಮೆಟ್ ಬಿಟ್ಟು ಹೋಗಬೇಡಿ, ದಯವಿಟ್ಟು. ಮೊದಲ ಮೂರು ನಾಲ್ಕು ವಾರ ಚಿಗರಿ ಬಸ್ಸಿನಲ್ಲಿ ಓಡಾಡಿ. ಆಮೇಲೆ ಹೆಲ್ಮೆಟ್ಟಿನ ಎರಡೂ ಪಟ್ಟಿ ಹಿಡಿದು ಅಗಲಿಸಿ ನೇರವಾಗಿ ಇಳಿಸಿ, ಹಾಗೇ ನೇರವಾಗಿ ಎತ್ತಿ. ಧೂಳಿಗೆ ಮುಖಕ್ಕೆ ಸುತ್ತುವ ಸ್ಕಾರ್ಫ್‌ನ ಎಳೆಗಳೂ ಸ್ಟಡ್ಡಿಗೆ ಸಿಕ್ಕಿಕೊಳ್ಳುತ್ತವೆ, ಬಿಚ್ಚುವಾಗ ಜಗ್ಗಬೇಡಿ. ಬಾಚಣಿಗೆ, ಟವೆಲ್, ಕುಪ್ಪಸ ತೆಗೆಯುವಾಗ ಕೂಡ ಅಷ್ಟೇ. ಫೋನು ಇನ್ನೊಂದು ಕಿವಿಗೆ. ಕೆನ್ನೆ ಸರಪಳಿಯನ್ನು ಆ ಕಿವಿಯ ಮೇಲೆ ಎಳೆದು ಸಿಗಿಸುವುದು ವರ್ಷ ಕಳೆಯುವವರೆಗೆ ಬೇಡ.

ಗಂಟು ಕಂಡರೆ

ಆರನೇ ವಾರ ನನ್ನ ಕಿವಿಯ ಹಿಂದೆ ಕಡ್ಡಿಯ ಪಕ್ಕದಲ್ಲೇ ಜೋಳದ ಕಾಳಿನಷ್ಟು ಕೆಂಪು ಗಂಟು ಎದ್ದಿತು. ಕೀಲಾಯ್ಡ್ ಅಂತ ತಿಳಿದು ಒಂದು ರಾತ್ರಿ ಪೂರ್ತಿ ಅತ್ತೆ. ಬೆಳಿಗ್ಗೆ ಅಕ್ಕ ಮೊಬೈಲ್ ಟಾರ್ಚ್ ಹಿಡಿದು ಕಿವಿ ಮುಂದಕ್ಕೆ ಮಡಚಿ ನೋಡಿದಳು. ಚಪ್ಪಟೆ ಬಿಲ್ಲೆಗೂ ಚರ್ಮಕ್ಕೂ ನಡುವೆ ಒಂದೇ ಒಂದು ಕೂದಲು ಮೂರು ಸುತ್ತು ಸುತ್ತಿಕೊಂಡಿತ್ತು. ಗಂಟೆಗಟ್ಟಲೆ ಅಲ್ಲ, ವಾರಗಟ್ಟಲೆ ಅದು ಗಾಯವನ್ನು ಗೀರುತ್ತಿತ್ತು. ಸಲೈನ್‌ನಲ್ಲಿ ನೆನೆಸಿ ಚಿಮಟದಿಂದ ಬಿಡಿಸಿ ತೆಗೆದಳು. ಅದೇ ವಾರ ಹೋಗಿ ಗಿಡ್ಡ ಕಡ್ಡಿ ಹಾಕಿಸಿಕೊಂಡೆ. ಮೂರು ವಾರದಲ್ಲಿ ಗಂಟು ಇಳಿಯಿತು.

ಮೊದಲ ತಿಂಗಳುಗಳಲ್ಲಿ ಏಳುವ ಗಂಟು ಬಹಳ ಸಾರಿ ಇಂಥದ್ದೇ. ಏನೋ ಒಂದು ಕಿರಿಕಿರಿ ಕೊಡುತ್ತಿರುತ್ತದೆ. ಅದರ ಮೇಲೆ ಬಗೆಬಗೆಯ ಎಣ್ಣೆ ಹಚ್ಚುವ ಮೊದಲು ಕಾರಣ ಹುಡುಕಿ: ಆ ಮಗ್ಗುಲಿಗೆ ಮಲಗುತ್ತಿದ್ದೀರಾ, ಕಡ್ಡಿ ಉದ್ದ ಆಗಿ ಅಲ್ಲಾಡುತ್ತಿದೆಯಾ, ಲೋಹ ಒಗ್ಗುತ್ತಿಲ್ಲವಾ, ಕೂದಲು ಸಿಕ್ಕಿದೆಯಾ. ಕೀಲಾಯ್ಡ್ ಬೇರೆ. ಅದು ನಿಧಾನವಾಗಿ ತಿಂಗಳುಗಳ ಮೇಲೆ ಬರುತ್ತದೆ, ತೂತಿನ ಗಡಿ ದಾಟಿ ಬೆಳೆಯುತ್ತಲೇ ಹೋಗುತ್ತದೆ, ತಾನಾಗಿ ಇಳಿಯುವುದಿಲ್ಲ. ಅದಕ್ಕೆ ಚರ್ಮದ ಡಾಕ್ಟರೇ ಬೇಕು. ಕೊಯ್ಯಿಸುವ ಆತುರ ಬೇಡ, ಬರೀ ಕೊಯ್ದರೆ ಮತ್ತೆ ಬೆಳೆಯುವುದೇ ಜಾಸ್ತಿ.

ತಡ ಮಾಡಬಾರದ್ದು

ಇದನ್ನು ನಿಧಾನವಾಗಿ ಓದಿ. ಚುಚ್ಚಿದ ಜಾಗದ ಸುತ್ತ ಮಾತ್ರ ಕೆಂಪಗಿದ್ದು ಮುಟ್ಟಿದರೆ ನೋವಾಗುವುದು ಮೊದಲ ವಾರ ಸಹಜ. ಆದರೆ ಕಿವಿಯ ಮೇಲ್ಭಾಗ ಪೂರ್ತಿ ಕೆಂಪಾಗಿ, ಬಿಸಿಯಾಗಿ, ಬಾತು ಹೊಳೆಯುತ್ತಿದ್ದರೆ, ಸ್ವಲ್ಪ ಮಡಚಿದರೂ ಜೀವ ಹೋಗುವ ನೋವಿದ್ದರೆ, ಕೆಳಗಿನ ಹಾಲೆ ಮಾತ್ರ ಎಂದಿನಂತೆ ಇದ್ದರೆ, ನಂಜು ಕಾರ್ಟಿಲೇಜಿನ ಪೊರೆಗೆ ಹತ್ತಿದೆ ಅಂತ ತಿಳಿಯಿರಿ. ಹಾಲೆಯಲ್ಲಿ ಕಾರ್ಟಿಲೇಜ್ ಇಲ್ಲ, ಅದಕ್ಕೇ ಅದು ಉಳಿದುಕೊಳ್ಳುವುದು. ಹಾಲೆ ಚೆನ್ನಾಗಿದೆಯಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಅದೇ ಗುರುತು. ಚಳಿಜ್ವರ ಬರಲಿ ಅಂತ ಕಾಯಲೂ ಬೇಡಿ. ಅದೇ ದಿನ ಕಿವಿ-ಮೂಗು-ಗಂಟಲು ಡಾಕ್ಟರ್ ಹತ್ತಿರ ಹೋಗಿ. ರವಿವಾರ ಆಗಿದ್ದರೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ.

ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಗುಳಿಗೆ ನುಂಗಿ ಎರಡು ದಿನ ನೋಡೋಣ ಅನ್ನಬೇಡಿ. ಸ್ಯೂಡೊಮೊನಾಸ್‌ಗೆ ಆ ಗುಳಿಗೆ ನಾಟುವುದೇ ಇಲ್ಲ. ಸಿಪ್ರೋಫ್ಲಾಕ್ಸಾಸಿನ್‌ನಂಥ ಬೇರೆ ಔಷಧ ಬೇಕಾಗುತ್ತದೆ, ಯಾವುದು, ಎಷ್ಟು ದಿನ ಅಂತ ಡಾಕ್ಟರೇ ಹೇಳಬೇಕು. ಆ ಎರಡು ದಿನದಲ್ಲಿ ಕೀವು ತುಂಬಿ ಕಾರ್ಟಿಲೇಜ್ ಕರಗಿದರೆ ಕಿವಿಯ ಆಕಾರ ಹೋಗಿಬಿಡುತ್ತದೆ, ಪೈಲ್ವಾನರ ಕಿವಿ ಹೇಳಿದೆನಲ್ಲ, ಹಾಗೆ. ಸ್ಟಡ್ಡನ್ನು ನೀವೇ ಕೀಳಬೇಡಿ. ತೂತು ಮುಚ್ಚಿಕೊಂಡರೆ ಕೀವಿಗೆ ಹೊರಬರಲು ದಾರಿ ಇರುವುದಿಲ್ಲ. ತೆಗೆಯಬೇಕೋ ಬೇಡವೋ ಡಾಕ್ಟರ್ ನೋಡಿ ಹೇಳುತ್ತಾರೆ. ನನ್ನ ಮೊದಲ ಕಿವಿ ಉಳಿದದ್ದು ಅಪ್ಪ ರಾತ್ರಿಯೇ ಕರೆದುಕೊಂಡು ಹೋಗಿದ್ದಕ್ಕೆ.

ಕಡ್ಡಿ ಬದಲಿಸುವುದು, ಬುಗುಡಿ ಹಾಕುವುದು

ಮೊದಲ ಬದಲಾವಣೆ ಗಿಡ್ಡ ಕಡ್ಡಿ. ಬಾವು ಇಳಿದ ಮೇಲೆ, ಸಾಮಾನ್ಯವಾಗಿ 4ರಿಂದ 8 ವಾರದ ಒಳಗೆ, 8 ಮಿ.ಮೀ. ಬಿಚ್ಚಿಸಿ 6 ಮಿ.ಮೀ. ಹಾಕಿಸಬೇಕು. ಕಿವಿ ದಪ್ಪ ಇದ್ದರೆ ಅಳತೆ ಬೇರೆ ಆಗಬಹುದು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆಮೇಲೆ ಉದ್ದ ಕಡ್ಡಿ ಅಲ್ಲಾಡಿ ಅಲ್ಲಾಡಿ ಗಂಟು ಬಂತು ಅನ್ನುತ್ತಾರೆ. ಚುಚ್ಚಿದವರ ಹತ್ತಿರವೇ ಮಾಡಿಸಿ, ಗಾಯ ಇನ್ನೂ ಹಸಿ ಇರುತ್ತದೆ.

ನಾಲ್ಕು ತಿಂಗಳ ಹೊತ್ತಿಗೆ ಹೊರಗಿನಿಂದ ಎಲ್ಲ ಮಾಯ್ದಂತೆ ಕಾಣುತ್ತದೆ. ನೋವಿಲ್ಲ, ಹಕ್ಕಳೆ ಇಲ್ಲ. ಇಲ್ಲೇ ಎಲ್ಲರೂ ಎಡವುವುದು. ಗಾಯ ಎರಡೂ ಬಾಯಿಯಿಂದ ನಡುವಿಗೆ ಮಾಯುತ್ತಾ ಹೋಗುತ್ತದೆ, ನಡುವೆ ಇನ್ನೂ ಹಸಿ ಇರುತ್ತದೆ. ಆಗ ರಿಂಗ್ ಹಾಕಿದರೆ ಮತ್ತೆ ಮೊದಲಿನಿಂದ ಶುರು. ಎರಡು ಮೂರು ತಿಂಗಳಿಂದ ಒಂದು ಹನಿ ನೀರೂ ಬಂದಿಲ್ಲ, ಒತ್ತಿದರೆ ನೋವಿಲ್ಲ, ಸ್ನಾನದ ನಂತರ ಕಡ್ಡಿ ಸಲೀಸಾಗಿ ಹಿಂದೆ ಮುಂದೆ ಸರಿಯುತ್ತದೆ, ತೂತಿನ ಬಾಯಿ ನಿಮ್ಮ ಚರ್ಮದ ಬಣ್ಣಕ್ಕೇ ಬಂದು ಸ್ವಲ್ಪ ಒಳಕ್ಕೆ ಮಡಚಿದಂತಿದೆ ಅಂದರೆ ಮಾಯಿದೆ. ಆಗಲೂ ಬರಿದು ಬಿಡಬೇಡಿ, ಒಂದು ತೆಗೆದ ಕೂಡಲೇ ಇನ್ನೊಂದು ಹಾಕಿ.

ಅಜ್ಜಿಯ ಮುತ್ತಿನ ಬುಗುಡಿ ಹಾಕಿಕೊಳ್ಳಬೇಕು ಅಂತ ನನಗೆ ಬಹಳ ಆಸೆ ಇತ್ತು. ಹದಿನಾಲ್ಕನೇ ತಿಂಗಳು ಹಾಕಿ ನೋಡಿದರೆ ಅದರ ಕಡ್ಡಿ ದಪ್ಪ, ತೂತಿಗೆ ಹೋಗಲಿಲ್ಲ. ಹಳೇ ಬುಗುಡಿ ಬಹಳಷ್ಟು ಹಾಗೇ ಇರುತ್ತವೆ. ಒತ್ತಿ ತೂರಿಸಲು ಹೋಗಬೇಡಿ. ಹುಬ್ಬಳ್ಳಿಯ ಸರಾಫಗಟ್ಟಿಗೆ, ಅಂದರೆ ಬಂಗಾರದ ಅಂಗಡಿಗಳಿರುವ ಕಡೆ, ಒಯ್ದು ಮೇಲಿನ ಮುತ್ತು ಹಾಗೇ ಇಟ್ಟು ಕಡ್ಡಿ ಮಾತ್ರ 1.2 ಮಿ.ಮೀ.ಗೆ ಹೊಸದಾಗಿ ಮಾಡಿಸಿಕೊಂಡೆ, ತುದಿಯಲ್ಲಿ ಚೂಪು ಉಳಿಯದಂತೆ ನುಣ್ಣಗೆ ಉಜ್ಜಿಸಿದೆ. ಮೊದಲ ಸಾರಿ ಎರಡು ಗಂಟೆ ಹಾಕಿ ತೆಗೆದೆ, ಆಮೇಲೆ ಅರ್ಧ ದಿನ. ಭಾರದ್ದು ಇದ್ದರೆ ಹೀಗೇ ನಿಧಾನವಾಗಿ ಒಗ್ಗಿಸಿ, ರಾತ್ರಿ ಮಲಗುವ ಮೊದಲು ಬುಗುಡಿ ಬಿಚ್ಚಿ, ಸಲೈನ್‌ನಿಂದ ಒರೆಸಿ, ಟೈಟಾನಿಯಂ ಲ್ಯಾಬ್ರೆಟ್ ವಾಪಸ್ ಹಾಕಿಕೊಳ್ಳಿ.